ಅಪ್‌ಡೇಟ್: ಎಬಿಸಿ ಖಾತೆಯ ಸೊನ್ನೆ ಕ್ರೆಡಿಟ್ ಸಮಸ್ಯೆ ಬಗೆಹರಿಯಿತು

ಹೋದ ತಿಂಗಳು ಕೇಳಿದ್ದೆ: ಬಿಕಾಂ ಎರಡು ಸೆಮಿಸ್ಟರ್ ಮುಗಿಸಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಆದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ, ಅಂದರೆ ಪಾಸಾದ ವಿಷಯಗಳ ಕ್ರೆಡಿಟ್ ಜಮೆಯಾಗುವ ಆನ್‌ಲೈನ್ ಖಾತೆ) ನೋಡಿದರೆ ಬರೀ ಸೊನ್ನೆ ಅಂತ. ಈಗ ಕೆಲಸ ಆಯ್ತು.

ಡಿಜಿಲಾಕರ್‌ಗೆ ಅಂಕಪಟ್ಟಿಯನ್ನು ನಾನೇ ಅಪ್‌ಲೋಡ್ ಮಾಡಿದ್ದು ಸುಮ್ನೆ ದಂಡ. ಕ್ರೆಡಿಟ್ ಹಾಕುವುದು ವಿಶ್ವವಿದ್ಯಾಲಯ, ನಾವಲ್ಲ. ಹೊಸ ಎಬಿಸಿ ಐಡಿ ಮಾಡಿಸಲು ಹೋದರೆ ಹಳೇ 12 ಅಂಕಿಯೇ ಮತ್ತೆ ಬಂತು. ಕೆಲಸಕ್ಕೆ ಬಂದದ್ದು "ಹೆಸರು ತಾಳೆ ನೋಡಿ" ಅಂದವರ ಸಲಹೆ. ಆಧಾರ್‌ನಲ್ಲಿ ನನ್ನ ಇನಿಷಿಯಲ್ ಹೆಸರಿನ ಕೊನೆಗಿದೆ, ಕಾಲೇಜಿನ ದಾಖಲೆಯಲ್ಲಿ ಮೊದಲಿಗಿದೆ. ಒಂದು 'ಕೆ' ಅಕ್ಷರಕ್ಕೆ ಇಷ್ಟೆಲ್ಲ ಓಡಾಟ! ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಜೆರಾಕ್ಸ್ ಹಿಡಿದು ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಟ್ಟೆ. ನಾಲ್ಕನೇ ದಿನ ಕ್ರೆಡಿಟ್ ಬಂದು ಕೂತಿತ್ತು.

ಒಂದು ವಿಷಯ ಮಾತ್ರ ಗೊತ್ತಿರಲಿಲ್ಲ. ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಹೊಸ ಕಡೆ ಎಲ್ಲವನ್ನೂ ಒಪ್ಪುವುದಿಲ್ಲ. ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು ನೋಡಿದರು. ಅಕೌಂಟಿಂಗ್ ದಾಟಿತು, ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಂಡ ವಿಷಯ) ಬಿದ್ದುಹೋಯ್ತು. ಅದನ್ನು ಮತ್ತೆ ಓದಬೇಕಂತೆ. ಹಾಗಾಗಿ ಹಳೇ ಸಿಲಬಸ್ ಪ್ರತಿ ಎಸೆಯಬೇಡಿ. ಟಿಸಿ, ಮೈಗ್ರೇಷನ್ ಸರ್ಟಿಫಿಕೇಟ್ ಅಂತೂ ಕೇಳಿಯೇ ಕೇಳಿದರು.