ಗಡಸು ನೀರಿಗೆ ಎಂಥ ಸಾಫ್ಟ್‌ನರ್? ಗಿರೀಶ್ ಅವರನ್ನು ಕೇಳಿ

ಅಡ್ಮಿನ್: ನೀರು ಸಂಸ್ಕರಣೆ ಕೆಲಸ ಮಾಡುವ ಗಿರೀಶ್ ಇಂದು ಸಂಜೆ ಗುಂಪಿನಲ್ಲಿರುತ್ತಾರೆ. ನೀರಿನ ರಿಪೋರ್ಟ್ ಇದ್ದರೆ ಪ್ರಶ್ನೆ ಜೊತೆ ಹಾಕಿ.

ರಘು, ಯಲಹಂಕ: ನಮಸ್ತೆ ಸರ್. ಬೋರ್ ನೀರು, ಗಡಸುತನ ಲೀಟರ್‌ಗೆ 600 ಮಿಲಿಗ್ರಾಂ. ದಿನಕ್ಕೆ 500 ಲೀಟರ್ ಬೇಕು. 25 ಲೀಟರ್ ರೆಸಿನ್ ಇರುವ ಟ್ಯಾಂಕ್ ಸಾಕಾ?

ಗಿರೀಶ್: ಸಾಕು. ಒಂದು ಲೀಟರ್ ರೆಸಿನ್ (ಟ್ಯಾಂಕ್ ಒಳಗಿನ ಸಣ್ಣ ಮಣಿಗಳು) ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ, 25 ಲೀಟರ್‌ಗೆ 1,250 ಗ್ರಾಂ. ನಿಮ್ಮ ನೀರಲ್ಲಿ ದಿನಕ್ಕೆ 300 ಗ್ರಾಂ ಬರುತ್ತದೆ. ಹಾಗಾಗಿ ನಾಲ್ಕು ದಿನಕ್ಕೊಮ್ಮೆ ರೆಸಿನ್ ತೊಳೆಯಲು ಉಪ್ಪುನೀರು ಹಾಯಿಸಬೇಕು, ಪ್ರತಿ ಸಲ 4 ಕೆಜಿ ಹತ್ತಿರ ಉಪ್ಪು. ಅಷ್ಟು ಸಲ ಬೇಡ ಅಂದರೆ 40 ಲೀಟರ್ ತಗೊಳ್ಳಿ.

ಮಂಜುಳಾ: ನಮ್ಮ ಮನೆಗೆ ಯಾವುದು ಒಳ್ಳೆಯದು ಸರ್?

ಗಿರೀಶ್: ಗಡಸುತನ ಎಷ್ಟು? ದಿನಕ್ಕೆ ಎಷ್ಟು ಲೀಟರ್?

ಶಿವು: ಟಿಡಿಎಸ್ 900 ಇತ್ತು. ಸಾಫ್ಟ್‌ನರ್ ಹಾಕಿಸಿದ ಮೇಲೂ 900. ಮೋಸ ಹೋದೆನಾ?

ಗಿರೀಶ್: ಇಲ್ಲ. ಸಾಫ್ಟ್‌ನರ್ ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಒಟ್ಟು ಲವಣ, ಇಳಿಸುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಅಷ್ಟೇ. ಗಡಸುತನ ನೋಡಲು ಹನಿ ಹಾಕುವ ಕಿಟ್ ತನ್ನಿ. ಕೆಂಪಾದ ನೀರು ನೀಲಿಗೆ ತಿರುಗುವವರೆಗೆ ಹನಿ ಎಣಿಸಿ. ಬೇಗ ನೀಲಿಯಾದರೆ ನಿಮ್ಮ ಸಾಫ್ಟ್‌ನರ್ ಸರಿಯಾಗಿದೆ.

ಸುಜಾತಾ, ಚಿಂತಾಮಣಿ ಹತ್ತಿರದ ಹಳ್ಳಿ: ಸರ್, ಆರು ತಿಂಗಳ ಹಿಂದೆ ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸಿದೆವು. ಇನ್ನು ಆರ್‌ಓ ಬೇಕಿಲ್ಲ ಅಂದರು, ತೆಗೆದಿಟ್ಟೆವು. ಅದೇ ನೀರು ಕಾಯಿಸಿ ಕುಡಿಯುತ್ತೇವೆ. ಮಾವನವರಿಗೆ ಬಿಪಿ ಇದೆ. ಮಗಳಿಗೆ ಏಳು ವರ್ಷ, ಹೊಸ ಹಲ್ಲಿನ ಮೇಲೆ ಕಂದು ಗೆರೆ ಕಾಣಿಸುತ್ತಿದೆ. ನೀರಿಗೂ ಇದಕ್ಕೂ ಸಂಬಂಧ ಇದೆಯಾ? ಗಡಸುತನ 600 ಇತ್ತು.

ಗಿರೀಶ್: ಮೇಡಂ, ಇವತ್ತಿನಿಂದಲೇ ಆ ನೀರು ಕುಡಿಯುವುದು ನಿಲ್ಲಿಸಿ. ಅಡುಗೆಗೂ ಬೇಡ.

ನಿಮ್ಮ ಚಿಕ್ಕಬಳ್ಳಾಪುರ, ಪಕ್ಕದ ಕೋಲಾರ, ಎರಡೂ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುಡಿಯುವ ನೀರಲ್ಲಿ ಅದು ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5. ಸಾಫ್ಟ್‌ನರ್ ಫ್ಲೋರೈಡನ್ನು ಮುಟ್ಟುವುದೇ ಇಲ್ಲ. ಕಾಯಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಜಾಸ್ತಿಯಾಗುತ್ತದೆ. ಆ ಗೆರೆ ಫ್ಲೋರೈಡಿಂದಲೇ ಬಂತು ಅಂತ ನಾನು ಹೇಳಲಾರೆ, ಹಲ್ಲಿನ ಡಾಕ್ಟರ್ ಹೇಳಬೇಕು. ಬಂದಿದ್ದರೂ ಅದು ಆರು ತಿಂಗಳದ್ದಲ್ಲ. ಹಲ್ಲು ಒಳಗೆ ಬೆಳೆಯುವಾಗ ಆಗುವಂಥದ್ದು. ಅವಳಿಗೆ ಇನ್ನೂ ಹಲ್ಲು ಬರುವುದಿದೆ, ಅದಕ್ಕೇ ನನಗೆ ಆತಂಕ.

ಇನ್ನು ಮಾವನವರ ವಿಷಯ. 100 ಗಡಸು ತೆಗೆದರೆ ಲೀಟರ್‌ಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಿಮ್ಮಲ್ಲಿ 276. ಎರಡು ಲೀಟರ್ ಕುಡಿದರೆ 550. ದೊಡ್ಡವರಿಗೆ ಊಟ ಎಲ್ಲ ಸೇರಿ ದಿನಕ್ಕೆ 2,000ದೊಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರ ಡಾಕ್ಟರಿಗೂ ಈ ಲೆಕ್ಕ ತಿಳಿಸಿ.

ಸಾಫ್ಟ್‌ನರ್ ಸ್ನಾನಕ್ಕೆ, ಬಟ್ಟೆಗೆ, ಗೀಸರ್‌ಗೆ ಇರಲಿ. ನೀರನ್ನು ಜಿಲ್ಲಾ ಲ್ಯಾಬಿಗೆ ಕೊಡಿ, ಫ್ಲೋರೈಡ್ ಮತ್ತು ನೈಟ್ರೇಟ್ ನೋಡಿ ಅಂತ ಬರೆಸಿ. ಊರಲ್ಲಿ ಶುದ್ಧ ನೀರಿನ ಘಟಕ ಇದೆಯಾ? ಹಳೆ ಆರ್‌ಓ ಎಲ್ಲಿದೆ?

ಲೋಕೇಶ್: (ಫಾರ್ವರ್ಡ್ ಆಗಿ ಬಂದದ್ದು) ಪೈಪಿಗೆ ಎರಡು ಅಯಸ್ಕಾಂತ ಕಟ್ಟಿ, ನೀರಿನ ಸಂಪ್‌ಗೆ ಪಟಿಕ ಹಾಕಿ. ಗಡಸು ನೀರು ಮೂರೇ ದಿನದಲ್ಲಿ ಮೆದು! ಎಲ್ಲರಿಗೂ ಕಳಿಸಿ.

ಗಿರೀಶ್: ಕಳಿಸಬೇಡಿ. ಪಟಿಕ ಕೆಸರು ತಳಕ್ಕೆ ಇಳಿಸುತ್ತದೆ, ಗಡಸು ತೆಗೆಯಲ್ಲ. ಅಯಸ್ಕಾಂತ ಕಟ್ಟಿದರೂ ಕ್ಯಾಲ್ಸಿಯಂ ನೀರಲ್ಲೇ ಇರುತ್ತದೆ.

ಲೋಕೇಶ್: ನಮ್ಮ ಭಾವನ ಮನೆಯಲ್ಲಿ ಕೆಲಸ ಮಾಡ್ತಿದೆ.

ನಾಗರಾಜ್: ಲೋಕೇಶ್ ಅವರೇ, ಕಟ್ಟುವ ಮೊದಲು ಗಡಸುತನ ಎಷ್ಟಿತ್ತು, ಈಗೆಷ್ಟು?

ಲೋಕೇಶ್: ಎಲ್ಲದಕ್ಕೂ ನಂಬರ್ ಕೇಳಿದರೆ ಹೇಗೆ? ನೀವು ಸಾಫ್ಟ್‌ನರ್ ಅಂಗಡಿಯವರಾ?

ನಾಗರಾಜ್: ರೀ, ನಾನು ಬ್ಯಾಂಕಲ್ಲಿರೋದು. ಮೇಲೆ ಆ ಮಗುವಿನ ವಿಷಯ ಓದಿದಿರಾ? ಅದರ ಕೆಳಗೆ ಇದನ್ನು ಹಾಕೋದಾ?

ಪದ್ಮಾ: ಇಬ್ಬರೂ ಸಾಕು ಮಾಡಿ. ಮಳೆನೀರು ಹಿಡಿದರೆ ಇದ್ಯಾವುದೂ ಬೇಡ.

ಲೋಕೇಶ್: ಬೇಸಿಗೆಯಲ್ಲಿ ಏನು ಹಿಡೀತೀರಿ ಅಕ್ಕ?

ಕಿರಣ್: ಗಡಸು ನೀರಿಂದ ಕೂದಲು ಉದುರುತ್ತಾ?

ಅನಿತಾ: ಸರ್, ಸಾಫ್ಟ್‌ನರ್ ತೊಳೆದ ನೀರನ್ನು ಇಂಗುಗುಂಡಿಗೆ ಬಿಡಬಹುದಾ?

ಗಿರೀಶ್: ಖಂಡಿತ ಬೇಡ. ಅದು ಉಪ್ಪುನೀರು, ನಿಮ್ಮ ಬೋರನ್ನೇ ಕೆಡಿಸುತ್ತದೆ. ಗಿಡಕ್ಕೂ ಬೇಡ.

ಮಂಜುಳಾ: ಸರ್, ನಮ್ಮದು ಹೇಳಲೇ ಇಲ್ಲ. ರೇಟ್ ಎಷ್ಟಾಗುತ್ತೆ?

ಗಿರೀಶ್: ಎರಡು ಅಳತೆ ಕೇಳಿದ್ದೆ. ಇನ್ನೂ ಬಂದಿಲ್ಲ.

ಅಡ್ಮಿನ್: ಲೋಕೇಶ್, ಆ ಫಾರ್ವರ್ಡ್ ಅಳಿಸಿದ್ದೇನೆ. ಮತ್ತೆ ಹಾಕಬೇಡಿ.

ಲೋಕೇಶ್: ಒಳ್ಳೇದು ಹೇಳಿದರೆ ಇಷ್ಟೇ ಬೆಲೆ.

ಸುಜಾತಾ: ಸರ್, ಘಟಕ ಬಸ್ ಸ್ಟಾಂಡ್ ಹತ್ತಿರ ಇದೆ. ಈಗಷ್ಟೇ ಇವರು ಕ್ಯಾನ್ ತಗೊಂಡು ಹೋದರು. ಆರ್‌ಓ ಅಟ್ಟದ ಮೇಲಿದೆ, ಇವತ್ತೇ ಹಾಕಿಸಲಾ?

ಗಿರೀಶ್: ಇವತ್ತು ಬೇಡ. ಆರು ತಿಂಗಳು ಸುಮ್ನೆ ಇಟ್ಟಿದ್ದರಿಂದ ಒಳಗಿನ ಮೆಂಬರೇನ್ (ನೀರು ಸೋಸುವ ಪೊರೆ) ಒಣಗಿರುತ್ತದೆ. ಅದನ್ನೂ ಫಿಲ್ಟರ್‌ಗಳನ್ನೂ ಬದಲಿಸಿಯೇ ಹಾಕಿಸಿ. ಆಮೇಲೆ ಆರ್‌ಓದಿಂದ ಬಂದ ನೀರನ್ನೂ ಲ್ಯಾಬಿಗೆ ಕೊಡಿ. ರಿಪೋರ್ಟ್ ಬಂದಾಗ ನನಗೆ ನೇರವಾಗಿ ಕಳಿಸಿ.