ವೇಳಾಪಟ್ಟಿ ಬದಲಿಸಲು ಗುತ್ತಿಗೆಯೇ ಅಡ್ಡ ಬರುತ್ತಿದೆ, ಮುಂದಿನ ಟೆಂಡರ್‌ನಲ್ಲಿ ಏನು ಬರೆಸಬೇಕು?

ಹೊಸ ಪ್ಲಾನರ್:

ಎಲ್ಲರಿಗೂ ನಮಸ್ಕಾರ. ನಾನು ಒಂದು ಪ್ರಾದೇಶಿಕ ಸಾರಿಗೆ ಸಂಸ್ಥೆಯ ಯೋಜನಾ ವಿಭಾಗದಲ್ಲಿದ್ದೇನೆ. ಸೇರಿ ಎರಡು ವರ್ಷ ಆಯಿತು. ನಮ್ಮಲ್ಲಿ ಮಾರ್ಗ, ವೇಳಾಪಟ್ಟಿ, ಟಿಕೆಟ್ ದರ ಎಲ್ಲ ಸಂಸ್ಥೆಯದೇ ತೀರ್ಮಾನ. ಬಸ್ಸು ಮತ್ತು ಡ್ರೈವರ್ ಮಾತ್ರ ಖಾಸಗಿ ಕಂಪನಿಯದು. ಟಿಕೆಟ್ ಹಣ ನಮಗೆ ಬರುತ್ತದೆ, ಅವರಿಗೆ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತೇವೆ.

ಒಂದು ಮಾರ್ಗದ ಕಥೆ ಹೇಳುತ್ತೇನೆ. ಟೆಂಡರ್ ಕರೆದಾಗ ಹೋಗಿ ಬರಲು 80 ನಿಮಿಷ, ಕೊನೆ ನಿಲ್ದಾಣಗಳಲ್ಲಿ ಬಿಡುವು 10 ನಿಮಿಷ, ಒಟ್ಟು 90. ಹದಿನೈದು ನಿಮಿಷಕ್ಕೊಂದು ಬಸ್ಸು, ಅಂದರೆ 6 ಬಸ್ಸು ಸಾಕು. ಈಗ ರಸ್ತೆ ನಿಧಾನವಾಗಿ ಓಟಕ್ಕೇ 86 ನಿಮಿಷ ಬೇಕು. ಬಿಡುವು ಸೇರಿದರೆ 96. ಆರು ಬಸ್ಸಲ್ಲಿ ಹದಿನೈದು ನಿಮಿಷ ಆಗುವುದೇ ಇಲ್ಲ. ಡ್ರೈವರ್‌ಗಳು ಬಿಡುವು ಬಿಟ್ಟು ಓಡಿಸುತ್ತಾರೆ, ಆದರೂ ಸಂಜೆ ಹೊತ್ತಿಗೆ ಒಂದೆರಡು ಟ್ರಿಪ್ ಬಿದ್ದೇ ಹೋಗುತ್ತದೆ. ಏಳನೇ ಬಸ್ಸಿಗೆ ಹಣ ಇಲ್ಲ ಅಂತ ಲೆಕ್ಕಪತ್ರ ವಿಭಾಗ ಹೇಳಿತು. ಹಾಗಿದ್ದರೆ ಹದಿನಾರು ನಿಮಿಷಕ್ಕೊಂದು ಬಸ್ಸು ಅಂತ ಮಾಡೋಣ ಅಂದೆ. ಅದಕ್ಕೆ ಗುತ್ತಿಗೆ ವಿಭಾಗದವರು, ಕಿಲೋಮೀಟರ್ ಆರು ಪರ್ಸೆಂಟಿನಷ್ಟು ಕಡಿಮೆ ಆಗಿ ಖಾತ್ರಿ ಕೊಟ್ಟ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ, ಓಡದ ಕಿಲೋಮೀಟರಿಗೂ ದುಡ್ಡು ಕೊಡಬೇಕಾಗುತ್ತದೆ, ಮೇಲಾಗಿ ವೇಳಾಪಟ್ಟಿ ಗುತ್ತಿಗೆಯ ಅನುಬಂಧ, ಅದನ್ನು ಮುಟ್ಟುವ ಹಾಗೇ ಇಲ್ಲ ಅಂದರು. ನಿಲ್ದಾಣದಲ್ಲಿ ಕಾಯುವವರಿಗೆ ಇದನ್ನೆಲ್ಲ ಹೇಗೆ ಹೇಳಲಿ? ದಿನಾ ಅದೇ ಬಸ್ಸಲ್ಲಿ ನಾನೂ ಹೋಗುತ್ತೇನೆ.

ಈ ಗುತ್ತಿಗೆ ಮುಗಿಯಲು ಇನ್ನು ಎರಡು ವರ್ಷ ಇದೆ. ಹೊಸ ಟೆಂಡರ್ ಕಾಗದ ಈಗಲೇ ತಯಾರಾಗುತ್ತಿದೆ. ನಮ್ಮ ವಿಭಾಗದಿಂದ ಕೇಳಿರುವುದು "ಶುಕ್ರವಾರದೊಳಗೆ ಮಾರ್ಗಗಳ ಪಟ್ಟಿ ಕಳಿಸಿ" ಅಂತ ಇಷ್ಟೇ. ನಾನು ಬೇರೆ ಏನನ್ನು ಪಟ್ಟು ಹಿಡಿದು ಕೇಳಬೇಕು?

ಹಳೇ ಗುತ್ತಿಗೆ ಕಡತ:

ನಾನು ಹದಿನೈದು ವರ್ಷ ನೀವು ಹೇಳುವ ಆ ಗುತ್ತಿಗೆ ವಿಭಾಗದಲ್ಲೇ ಇದ್ದವನು. ನಿಮ್ಮ ಸಹೋದ್ಯೋಗಿಗಳು ಬೇಕಂತ ಅಡ್ಡ ಹಾಕುತ್ತಿಲ್ಲ. ಕಾಗದದಲ್ಲಿ ದಾರಿ ಇಲ್ಲದಿದ್ದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರು. ಆ ದಾರಿಯನ್ನು ಟೆಂಡರ್‌ಗೆ ಮೊದಲೇ ಹಾಕಿಸುವುದು ನಿಮ್ಮ ಕೆಲಸ.

ಎಲ್ಲಕ್ಕಿಂತ ಮುಖ್ಯ ಅಂದರೆ ದರವನ್ನು ಒಡೆಸಿ. ಬಸ್ ಓಡಿಸುವ ಖರ್ಚು ಮೂರು ಕಡೆಯಿಂದ ಬರುತ್ತದೆ. ಬಸ್ಸು ಇಟ್ಟುಕೊಳ್ಳುವ ಖರ್ಚು (ಸಾಲದ ಕಂತು, ವಿಮೆ, ಡಿಪೋದಲ್ಲಿ ಜಾಗ) ಬಸ್ಸಿನ ಸಂಖ್ಯೆ ಮೇಲೆ ಹೋಗುತ್ತದೆ. ಸಂಬಳ ಗಂಟೆ ಮೇಲೆ ಹೋಗುತ್ತದೆ. ಇಂಧನ, ಟೈರು ಮಾತ್ರ ಕಿಲೋಮೀಟರ್ ಮೇಲೆ. ಮೂರನ್ನೂ ಕಲಸಿ ಕಿಲೋಮೀಟರಿಗೆ ಒಂದೇ ದರ ಅಂತ ಮಾಡಿದರೆ ಪ್ರತಿ ಬದಲಾವಣೆಯಲ್ಲೂ ಒಬ್ಬರಿಗೆ ನಷ್ಟ. ರಾತ್ರಿ ಎರಡು ಟ್ರಿಪ್ ಸೇರಿಸಿದರೆ ಬಸ್ಸು ಹೇಗೂ ಡಿಪೋದಲ್ಲಿ ಸುಮ್ನೆ ನಿಂತಿರುತ್ತದೆ, ಗಂಟೆ ಮತ್ತು ಕಿಲೋಮೀಟರ್ ಅಷ್ಟೇ ಜಾಸ್ತಿ. ಆದರೆ ಬೆಳಗ್ಗೆ ಎಂಟೂವರೆಗೆ ಒಂದು ಟ್ರಿಪ್ ಸೇರಿಸಿದರೆ ಹೊಸ ಬಸ್ಸೇ ಬೇಕು. ಒಂದೇ ದರದಲ್ಲಿ ಮೊದಲನೆಯದಕ್ಕೆ ನೀವು ಜಾಸ್ತಿ ಕೊಡುತ್ತೀರಿ, ಎರಡನೆಯದನ್ನು ಕಂಪನಿ ಮಾಡಲು ಒಪ್ಪುವುದಿಲ್ಲ. ನಿಮ್ಮ ಮಾರ್ಗದಲ್ಲೂ ಅಷ್ಟೇ. ರಸ್ತೆ ನಿಧಾನವಾದರೆ ಕಿಲೋಮೀಟರ್ ಅಷ್ಟೇ ಇರುತ್ತದೆ, ಗಂಟೆ ಏರುತ್ತದೆ. ಆ ಗಂಟೆಗೆ ಯಾರೂ ದುಡ್ಡು ಕೊಡುತ್ತಿಲ್ಲ.

ಟೆಂಡರ್ ಹಾಕುವಾಗಲೇ ಮೂರೂ ದರ ಬೇರೆ ಬೇರೆ ಬರೆಯಲಿ. ಆಮೇಲೆ ಒಂದು ಮಿತಿಯೊಳಗಿನ ಬದಲಾವಣೆಯನ್ನು, ಇಷ್ಟು ವಾರ ಮೊದಲು ತಿಳಿಸಿ, ಅದೇ ದರದಲ್ಲಿ ಸಂಸ್ಥೆ ಮಾಡಬಹುದು ಅಂತ ಒಂದು ಷರತ್ತು. ಮಿತಿ ಎಷ್ಟು ಅನ್ನುವುದನ್ನು ನೀವೇ ಹೇಳಿ, ಯಾಕೆಂದರೆ ಕಳೆದ ಐದು ವರ್ಷದಲ್ಲಿ ಎಷ್ಟು ಬದಲಾವಣೆ ಬೇಕಾಗಿತ್ತು ಅಂತ ಗೊತ್ತಿರುವುದು ನಿಮಗೆ. ಖಾತ್ರಿ ಕಿಲೋಮೀಟರನ್ನು ಮಾರ್ಗಕ್ಕೆ ಕಟ್ಟಬೇಡಿ, ಇಡೀ ಪ್ಯಾಕೇಜಿಗೆ (ಒಂದೇ ಗುತ್ತಿಗೆಯಲ್ಲಿ ಬರುವ ಮಾರ್ಗಗಳ ಗುಂಪಿಗೆ) ಕಟ್ಟಿ. ಆಗ ಇಲ್ಲಿ ಉಳಿದ ಕಿಲೋಮೀಟರನ್ನು ಇನ್ನೊಂದು ಮಾರ್ಗಕ್ಕೆ ಹಾಕಬಹುದು.

ಡಿಪೋ ಕಡೆಯವನು:

ನಾನು ಕಂಪನಿ ಕಡೆ ಶೆಡ್ಯೂಲ್ ಮಾಡುವವನು. ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಆದರೆ ಒಂದು ಮಾತು ಸೇರಿಸಲೇಬೇಕು. ಟೆಂಡರ್‌ನಲ್ಲಿ ಬರೆದ ಓಟದ ಸಮಯ ಎಲ್ಲಿಂದ ಬರುತ್ತದೆ ಗೊತ್ತಾ? ಎಷ್ಟೋ ಸಲ ಹಳೇ ಟೆಂಡರ್‌ನಿಂದ ನಕಲು. ಇಲ್ಲವೇ ಇಡೀ ದಿನದ ಸರಾಸರಿ. ಬೆಳಗ್ಗೆ ಆರಕ್ಕೂ ಸಂಜೆ ಆರಕ್ಕೂ ಒಂದೇ ಸಮಯ ಕೊಟ್ಟರೆ ಬೆಳಗಿನ ಬಸ್ಸು ನಿಲ್ದಾಣದಲ್ಲಿ ಕಾಯುತ್ತಾ ನಿಲ್ಲುತ್ತದೆ, ಸಂಜೆಯದು ತಡವಾಗುತ್ತದೆ. ಆಯಾ ಹೊತ್ತಿನ ಸರಾಸರಿ ಹಿಡಿದರೂ ಸಾಲದು. ಸರಾಸರಿ ಅಂದರೆ ಸುಮಾರು ಅರ್ಧ ಟ್ರಿಪ್‌ಗಳು ಅದಕ್ಕಿಂತ ತಡವಾಗಿಯೇ ಬರುತ್ತವೆ ಅಲ್ವಾ? ಹತ್ತರಲ್ಲಿ ಒಂಬತ್ತು ಟ್ರಿಪ್ ಮುಂದಿನ ಟ್ರಿಪ್‌ಗೆ ಸರಿಯಾಗಿ ಹೊರಡುವಷ್ಟು ಬಿಡುವು ಓಟದ ಸಮಯದ ಜೊತೆ ಸೇರಿರಬೇಕು.

ಬಿಡುವಿನ ಸಮಯ ನೋಡಿದ ಕೂಡಲೇ "ಸುಮ್ನೆ ನಿಂತಿರುವ ಬಸ್ಸು" ಅಂತ ಅದನ್ನು ಕತ್ತರಿಸುವ ಅಧಿಕಾರಿಗಳನ್ನು ನಾನು ನೋಡಿದ್ದೇನೆ. ಆ ಹತ್ತು ನಿಮಿಷದಲ್ಲಿ ಡ್ರೈವರ್ ಶೌಚಕ್ಕೆ ಹೋಗಿ ಬರಬೇಕು, ನೀರು ಕುಡಿಯಬೇಕು, ಹಿಂದಿನ ತಡವೂ ಅಲ್ಲೇ ತೀರಬೇಕು. ನಮ್ಮ ಡಿಪೋದಲ್ಲಿ ಬಿಡುವು ಐದು ನಿಮಿಷಕ್ಕೆ ಇಳಿದ ವರ್ಷ ಒಳ್ಳೊಳ್ಳೆ ಡ್ರೈವರ್‌ಗಳು ಕೆಲಸ ಬಿಟ್ಟು ಹೋದರು. ಅವರ ಜಾಗಕ್ಕೆ ಜನ ಸಿಗದೆ ಮತ್ತಷ್ಟು ಟ್ರಿಪ್ ಬಿತ್ತು. ಅದಕ್ಕೆ ದಂಡವನ್ನೂ ಕಟ್ಟಿದೆವು.

ಇಂಧನದ ಬೆಲೆ, ಸಂಬಳ ಏರಿದಾಗ ದರವೂ ಸೂತ್ರದ ಪ್ರಕಾರ ಏರುವಂತೆ ಇರಲಿ. ಇಲ್ಲದಿದ್ದರೆ ಜವಾಬ್ದಾರಿ ಇರುವ ಕಂಪನಿ ಅಪಾಯ ಲೆಕ್ಕ ಹಾಕಿ ಜಾಸ್ತಿ ದರ ಬರೆಯುತ್ತದೆ. ಲೆಕ್ಕ ಹಾಕದವರು ಕಡಿಮೆ ಬರೆದು ಗೆಲ್ಲುತ್ತಾರೆ, ಎರಡನೇ ವರ್ಷ ಕೈ ಎತ್ತುತ್ತಾರೆ.

ಕಾಯುವ ಸಮಯ:

ನಾನೂ ಯೋಜನೆ ಕಡೆಯವಳೇ. ಏನನ್ನು ಅಳೆಯುತ್ತೀರಿ ಅನ್ನುವುದನ್ನು ಇಲ್ಲಿ ಯಾರೂ ಇನ್ನೂ ಎತ್ತಿಲ್ಲ, ನನಗೆ ಅದೇ ದೊಡ್ಡದು.

ಹತ್ತು ನಿಮಿಷಕ್ಕೊಂದು ಬಸ್ಸು ಸಮವಾಗಿ ಬಂದರೆ ಸರಾಸರಿ ಐದು ನಿಮಿಷ ಕಾಯುತ್ತೇವೆ. ಅದೇ ಬಸ್ಸುಗಳು ಎರಡೆರಡು ಒಟ್ಟಿಗೆ ಬಂದು ಆಮೇಲೆ ಇಪ್ಪತ್ತು ನಿಮಿಷ ಖಾಲಿ ಬಿಟ್ಟರೆ ಸರಾಸರಿ ಹತ್ತು ನಿಮಿಷ ಕಾಯಬೇಕು. ಓಡಿದ ಕಿಲೋಮೀಟರ್ ಒಂದೇ, ಟ್ರಿಪ್ ಒಂದೂ ಬಿದ್ದಿಲ್ಲ, ಬಿಲ್ಲು ಪೂರ್ತಿ. ಪ್ರಯಾಣಿಕರು ಮಾತ್ರ ಎರಡು ಪಟ್ಟು ಕಾದಿರುತ್ತಾರೆ. ಕಿಲೋಮೀಟರ್ ಮಾತ್ರ ಎಣಿಸುವ ಗುತ್ತಿಗೆಯ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಲಂಡನ್ನಿನಲ್ಲಿ ಬಸ್ ಮಾರ್ಗಗಳಿಗೆ ಟೆಂಡರ್ ಶುರುವಾದದ್ದು 1985ರಲ್ಲಿ. ಗುಣಮಟ್ಟಕ್ಕೆ ಹಣ ಕಟ್ಟಿದ ಗುತ್ತಿಗೆ ಬಂದದ್ದು 2001ರಲ್ಲಿ. ಅಲ್ಲಿ ಗಂಟೆಗೆ ಐದು ಅಥವಾ ಜಾಸ್ತಿ ಬಸ್ ಇರುವ ಮಾರ್ಗಗಳಲ್ಲಿ ವೇಳಾಪಟ್ಟಿ ಪ್ರಕಾರ ಕಾಯಬೇಕಾದ್ದಕ್ಕಿಂತ ಜನ ಎಷ್ಟು ಜಾಸ್ತಿ ಕಾದರು ಅಂತ ಅಳೆಯುತ್ತಾರೆ. ಬಸ್ಸು ಅಪರೂಪವಾಗಿರುವ ಮಾರ್ಗಗಳಲ್ಲಿ ಸಮಯಕ್ಕೆ ಸರಿಯಾಗಿ ಬಂತಾ ಅಂತ ನೋಡುತ್ತಾರೆ. ಹೆಚ್ಚು ಬಸ್ಸಿನ ಮಾರ್ಗದಲ್ಲಿ ಜನ ಗಡಿಯಾರ ನೋಡಿ ಮನೆ ಬಿಡುವುದಿಲ್ಲ, ಹಾಗಾಗಿ ಇದು ಸರಿಯಾದ ಭೇದ.

ಉಲ್ಟಾ ಉದಾಹರಣೆ ಬೇಕಿದ್ದರೆ ಚಿಲಿಯ ಸ್ಯಾಂಟಿಯಾಗೊ. 2007ರ ಫೆಬ್ರವರಿಯಲ್ಲಿ ಒಂದೇ ದಿನ ಇಡೀ ನಗರದ ಬಸ್ ಜಾಲ ಬದಲಾಯಿತು. ಕಂಪನಿಗಳಿಗೆ ಆದಾಯದ ದೊಡ್ಡ ಪಾಲು ಖಾತ್ರಿ ಇತ್ತು, ಬಸ್ಸುಗಳ ಮೇಲೆ ಕಣ್ಣಿಡುವ ವ್ಯವಸ್ಥೆ ಇನ್ನೂ ಸಿದ್ಧವಾಗಿರಲಿಲ್ಲ. ಬೇಕಾದಷ್ಟು ಬಸ್ಸು ರಸ್ತೆಗೆ ಬರಲಿಲ್ಲ, ಜನ ಮೆಟ್ರೋಗೆ ನುಗ್ಗಿದರು. ಐದು ವರ್ಷದ ನಂತರ ಗುತ್ತಿಗೆಗಳನ್ನು ತಿದ್ದಿ, ಪಾವತಿಯನ್ನು ಪ್ರಯಾಣಿಕರ ಸಂಖ್ಯೆಗೂ ಓಡಿದ ಕಿಲೋಮೀಟರಿಗೂ ಕಟ್ಟಿದರು. ದಂಡದ ಷರತ್ತು ಬರೆದರೆ ಮಾತ್ರ ಸಾಲದು, ಅಳೆಯುವ ಸಾಧನ ಮೊದಲ ದಿನವೇ ಕೆಲಸ ಮಾಡುತ್ತಿರಬೇಕು.

ಹೊಸ ಪ್ಲಾನರ್:

ತುಂಬಾ ಧನ್ಯವಾದ. ದರ ಒಡೆಯುವ ಮಾತು ನಮ್ಮ ಗುತ್ತಿಗೆ ವಿಭಾಗದ ಮೇಡಂಗೆ ಹೇಳಿದೆ. ಅವರು ಆಸಕ್ತಿಯಿಂದ ಕೂತು ಕೇಳಿದರು, ಇದು ನಾನು ಎಣಿಸಿರಲಿಲ್ಲ. ಇನ್ನೊಂದು ಅನುಮಾನ. ಡಿಪೋ ಕಂಪನಿಯದೇ ಆಗಿದ್ದರೆ ಮುಂದಿನ ಟೆಂಡರ್‌ಗೆ ಬೇರೆಯವರು ಬರುತ್ತಾರಾ? ಜಿಪಿಎಸ್ ಮಾಹಿತಿಯೂ ಈಗ ಅವರ ಹತ್ತಿರವೇ ಇದೆ. ತಿಂಗಳಿಗೊಮ್ಮೆ ಒಂದು ಸಾರಾಂಶ ಕಳಿಸುತ್ತಾರೆ, ಅಷ್ಟೇ.

ಹಳೇ ಗುತ್ತಿಗೆ ಕಡತ:

ಬರುವುದು ಕಷ್ಟ. ಹೊಸಬರು ಮಾರ್ಗದಿಂದ ದೂರ ಜಾಗ ಹಿಡಿಯಬೇಕು, ದಿನಾ ಖಾಲಿ ಬಸ್ಸು ತಂದು ಒಯ್ಯುವ ಖರ್ಚು ಅವರ ದರಕ್ಕೆ ಸೇರುತ್ತದೆ, ಅಲ್ಲಿಗೆ ಹಳಬರೇ ಗೆಲ್ಲುತ್ತಾರೆ. ಸಿಂಗಪುರದಲ್ಲಿ 2016ರಿಂದ ಬಂದ ಪದ್ಧತಿಯಲ್ಲಿ ಡಿಪೋ, ಬಸ್ಸು ಎರಡೂ ಸರ್ಕಾರದ್ದು, ಟಿಕೆಟ್ ಹಣವೂ ಸರ್ಕಾರಕ್ಕೆ. ಕಂಪನಿ ಓಡಿಸುವ ಕೆಲಸಕ್ಕೆ ಟೆಂಡರ್ ಹಾಕುತ್ತದೆ. ಐದು ವರ್ಷದ ಗುತ್ತಿಗೆ, ಚೆನ್ನಾಗಿ ಮಾಡಿದರೆ ಇನ್ನೆರಡು ವರ್ಷ. ಬಸ್ಸು ಕೊಳ್ಳುವ ಶಕ್ತಿ ಎಲ್ಲ ಸಂಸ್ಥೆಗೂ ಇರುವುದಿಲ್ಲ, ಡಿಪೋ ಜಾಗವನ್ನಾದರೂ ಸಂಸ್ಥೆ ಇಟ್ಟುಕೊಳ್ಳಲಿ. ಕಂಪನಿ ಬಸ್ಸೇ ಆಗಿದ್ದರೆ ಗೆದ್ದವರಿಗೆ ಹೊಸ ಬಸ್ಸು ತರಿಸಲು, ಜನ ಸೇರಿಸಲು ಸಮಯ ಬೇಕು. ಟೆಂಡರ್ ಒಪ್ಪಿದ ದಿನಕ್ಕೂ ಓಟ ಶುರುವಾಗುವ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಸಮಯ ಕೊಡಿ. ಬರೀ ಆರು ವಾರ ಕೊಟ್ಟರೆ ಹಳೇ ಕಂಪನಿಗೆ ಬಿಟ್ಟುಕೊಟ್ಟ ಹಾಗೆಯೇ.

ಜಿಪಿಎಸ್, ಟಿಕೆಟ್ ಮಾಹಿತಿ ಎರಡೂ ಸಂಸ್ಥೆಯ ಆಸ್ತಿ ಅಂತ ಒಂದು ಸಾಲು ಬರೆಸಿ. ಸಾರಾಂಶ ಬೇಡ, ಪ್ರತಿ ಬಸ್ಸಿನ ಪೂರ್ತಿ ಮಾಹಿತಿ ದಿನಾ ಬರಬೇಕು. ಗುತ್ತಿಗೆ ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಡಿಪೋ ಕಡೆಯವನು:

ಹೌದು. ಕಂಪನಿಯವನಾಗಿಯೇ ಹೇಳುತ್ತೇನೆ, ಆ ಮಾಹಿತಿಯನ್ನು ಟೆಂಡರ್ ಹಾಕುವ ಎಲ್ಲರಿಗೂ ಕೊಡಿ. ಹೊಸಬರಿಗೆ ನಿಜವಾದ ಓಟದ ಸಮಯ ಗೊತ್ತಿದ್ದರೆ ದರವೂ ನಿಜ ಬರೆಯುತ್ತಾರೆ.

ಹೊಸ ಪ್ಲಾನರ್:

ಶುಕ್ರವಾರದ ಪಟ್ಟಿಯನ್ನು ಒಂದು ವಾರ ಮುಂದೂಡಿಸಿದೆ. ಮೇಡಂ ಕಂಪನಿಗೆ ಪತ್ರ ಬರೆದು ಮೂರು ತಿಂಗಳ ಜಿಪಿಎಸ್ ಮಾಹಿತಿ ಕೇಳಿದ್ದಾರೆ. ಬಂದ ಮೇಲೆ ಗಂಟೆ ಗಂಟೆಯ ಓಟದ ಸಮಯ ತೆಗೆದು ಇಲ್ಲಿ ಹಾಕುತ್ತೇನೆ. ಬಿಡುವು ಎಷ್ಟು ಇಡಬೇಕು ಅಂತ ದಯವಿಟ್ಟು ನೋಡಿ ಹೇಳಿ.