ಆರ್ಕಿಟೆಕ್ಚರಲ್ ಟೆಕ್ನಾಲಜಿ ಪದವಿಯೊಳಗ ಕಲಿಸೋದೇನು? ಬಲ್ಲವರು ಹೇಳ್ರಿ

ಪ್ರಶ್ನೆ, ಗದಗದಿಂದ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಅಕ್ಕನ ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ. ಆರ್ಕಿಟೆಕ್ಚರಲ್ ಟೆಕ್ನಾಲಜಿ ಅನ್ನೋ ಪದವಿ ಓದ್ತೀನಿ ಅಂತ ಕೂತಾಳ, ಹೊರದೇಶದ ಎರಡು ಕಾಲೇಜಿನ ಮಾಹಿತಿನೂ ತರಿಸ್ಯಾಳ. ಮನ್ಯಾಗ ಯಾರಿಗೂ ಇದರ ಗಂಧ ಇಲ್ಲ. ಇದು ಚಿತ್ರ ತೆಗೆಯೋ ಕೋರ್ಸೋ, ಸಿವಿಲ್ಲೋ, ಆರ್ಕಿಟೆಕ್ಟ್ ಆಗೋ ದಾರಿನೋ? ಒಳಗ ಏನು ಕಲಿಸ್ತಾರ, ಹುಡುಗರು ಎಲ್ಲಿ ಎಡವತಾರ, ಸೇರೋ ಮೊದಲ ಏನು ತಯಾರಿ ಬೇಕು? ಬಿಡಿಸಿ ಹೇಳಿದ್ರ ಉಪಕಾರ ಆಗ್ತದ.

ಉತ್ತರ, ಧಾರವಾಡದಿಂದ, ಕಟ್ಟಡ ನಿರ್ಮಾಣ ವಿಷಯ ಕಲಿಸುವವರು

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ ಸರ್. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರಷ್ಟೇ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬಹುದು. ಅದಕ್ಕೆ 5 ವರ್ಷದ ಬಿ.ಆರ್ಕ್ ಓದಬೇಕು, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲೇ ಅದು ಇದೆ. ಆರ್ಕಿಟೆಕ್ಚರಲ್ ಟೆಕ್ನಾಲಜಿ ಬೇರೆ ಪದವಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ನಡುವೆ ಒಂದು ವರ್ಷ ಕೆಲಸಕ್ಕೆ ಹೋದರೆ 4. ಡೆನ್ಮಾರ್ಕಿನಲ್ಲಿ ಮೂರೂವರೆ ವರ್ಷ. ಅದೊಂದರಿಂದಲೇ ಅಲ್ಲಾಗಲಿ ಇಲ್ಲಾಗಲಿ ಆರ್ಕಿಟೆಕ್ಟ್ ಎಂಬ ಹೆಸರು ಬರುವುದಿಲ್ಲ. ಈ ಮಾತನ್ನು ಹುಡುಗಿಗೆ ಇವತ್ತೇ ಹೇಳಿರಿ, ಮೂರನೆಯ ವರ್ಷದಲ್ಲಿ ಗೊತ್ತಾಗಬಾರದು.

ಕಲಿಯುವುದೇನೆಂದರೆ, ಕಟ್ಟಡದ ಒಂದು ಭಾಗ ಇನ್ನೊಂದಕ್ಕೆ ಕೂಡುವ ಜಾಗ. ಆರ್ಕಿಟೆಕ್ಟ್ ರೂಪ ಕೊಡುತ್ತಾರೆ, ಸ್ಟ್ರಕ್ಚರಲ್ ಇಂಜಿನಿಯರ್ ಭಾರದ ಲೆಕ್ಕ ಮಾಡುತ್ತಾರೆ. ಗೋಡೆಗೆ ಕಿಟಕಿ ಹೇಗೆ ಕೂಡಬೇಕು, ಮಳೆ ನೀರು ಎಲ್ಲಿ ಒಳಗೆ ನುಸುಳುತ್ತದೆ, ಯಾವ ಕೆಲಸ ಮೊದಲು ಯಾವುದು ಆಮೇಲೆ, ಇದನ್ನು ಗೌಂಡಿಗೆ ತಿಳಿಯುವಂತೆ ಬರೆದು ಕೊಡುವುದು ಟೆಕ್ನಾಲಜಿಸ್ಟ್ ಕೆಲಸ. ಮೊದಲ ವರ್ಷ ಸಾಮಗ್ರಿ, ಗೋಡೆ, ಬಾಗಿಲು, ಛಾವಣಿ, ಕೈಯಿಂದ ಡ್ರಾಯಿಂಗು. ಎರಡನೆಯದರಲ್ಲಿ ನೀರು-ಕರೆಂಟು-ಗಾಳಿ, ಕಟ್ಟಡ ನಿಯಮ, ಬೆಂಕಿ ಸುರಕ್ಷತೆ, ಸ್ವಲ್ಪ ಸ್ಟ್ರಕ್ಚರ್. ಕೊನೆಗೆ ಬಿಐಎಂ (ಕಂಪ್ಯೂಟರಿನಲ್ಲಿ ಇಡೀ ಕಟ್ಟಡದ ಮಾಹಿತಿ ತುಂಬಿದ ಮಾದರಿ ಮಾಡುವುದು), ಅಂದಾಜು, ಗುತ್ತಿಗೆ, ಹಳೆ ಕಟ್ಟಡದ ದುರಸ್ತಿ, ಒಂದು ದೊಡ್ಡ ಪ್ರಾಜೆಕ್ಟು.

ಸ್ಕೇಲಿನಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ. ಮಂಜೂರಾತಿಯ ಪ್ಲಾನು 1:100ರಲ್ಲಿ ಇರುತ್ತದೆ, 230 ಮಿ.ಮೀ. ಗೋಡೆ ಅಲ್ಲಿ 2.3 ಮಿ.ಮೀ., ಬರೀ ಎರಡು ಗೆರೆ. ಅದೇ ಗೋಡೆ 1:5ರ ಡೀಟೇಲಿನಲ್ಲಿ 46 ಮಿ.ಮೀ. ಆಗುತ್ತದೆ, ಆಗ ಏನನ್ನೂ ಮುಚ್ಚಿಡಲಾಗುವುದಿಲ್ಲ. ಕಿಟಕಿಯ ಕೆಳಗಿನ ಗ್ರಾನೈಟ್ ಪಟ್ಟಿ ಹೊರಗೆ ಇಳಿಜಾರಾಗಿದೆಯೇ, ಗಿಲಾವಿನಿಂದ 40 ಮಿ.ಮೀ. ಮುಂದೆ ಚಾಚಿದೆಯೇ, ಅದರ ಹೊಟ್ಟೆಯಲ್ಲಿ 10 ಮಿ.ಮೀ. ತೋಡು ಕೊರೆದಿದೆಯೇ? ತೋಡು ಇಲ್ಲದಿದ್ದರೆ ನೀರು ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದೆ ಹರಿದು ಗೋಡೆ ಸೇರುತ್ತದೆ. ಊರಲ್ಲಿ ಎಷ್ಟೋ ಮನೆಗಳ ಕಿಟಕಿ ಕೆಳಗೆ ಮೀಸೆ ಬರೆದಂತೆ ಕರಿ ಕಲೆ ಇರುತ್ತದಲ್ಲ, ಅದರ ಮೂಲ ಬಹಳ ಸಲ ಇದೇ.

ಉತ್ತರ, ಹುಬ್ಬಳ್ಳಿಯಿಂದ, ಸೈಟ್ ಇಂಜಿನಿಯರ್

ಮೇಡಮ್ಮನವರು ಹೇಳಿದ್ದು ಖರೆ. ನಾ ಪಾವಟಿಗಿ ಒಂದರ ಲೆಕ್ಕ ಹೇಳ್ತೀನಿ, ಹುಡುಗರು ಹೆಚ್ಚು ಮಾರ್ಕು ಕಳಕೊಳ್ಳೋದು ಅಲ್ಲೇ.

ಸ್ಲ್ಯಾಬಿನಿಂದ ಸ್ಲ್ಯಾಬಿಗೆ 3000 ಮಿ.ಮೀ. ಐತಿ ಅಂತ ಇಟ್ಕೊಳ್ರಿ. 150ರಂತೆ 20 ರೈಸರ್, ಅಂದ್ರ ಮೆಟ್ಟಲದ ಎತ್ತರ. ನಡುವ ಲ್ಯಾಂಡಿಂಗ್ ಇಟ್ರ ಒಂದೊಂದು ಕಡೆ 10 ರೈಸರ್, 9 ಟ್ರೆಡ್, ಅಂದ್ರ ಕಾಲಿಡೋ ಹಾಸು. ಟ್ರೆಡ್ 300 ಆದ್ರ ಉದ್ದ 2700. ಎರಡು ರೈಸರ್, ಒಂದು ಟ್ರೆಡ್ ಕೂಡಿದ್ರ 600 ಬರ್ತದ, ಕಾಲಿಗೆ ಹದ. ಇಲ್ಲೀತನ ಎಲ್ಲಾರೂ ಬರೋಬ್ಬರಿ ಬರೀತಾರ.

ಎಡವೋದು ಫರಸಿ ದಪ್ಪದಾಗ. ನೆಲಕ್ಕ ಮಸಾಲಿ ಸೇರಿ 50 ಮಿ.ಮೀ. ಏರ್ತದ, ಮೆಟ್ಟಿಲಿಗೆ 20 ಅಷ್ಟೇ. ಕಾಂಕ್ರೀಟು ಎಲ್ಲಾ 150ಕ್ಕ ಹಾಕಿ ಬಿಟ್ರ, ಕೆಲಸ ಮುಗಿದ ಮ್ಯಾಲೆ ಮೊದಲನೇ ಮೆಟ್ಟಲಾ 120 ಉಳೀತದ, ಕಡೇದು 180 ಆಗ್ತದ. ಕಾಲಿಗೆ ರೂಢಿ ಆದ ಎತ್ತರ ತಪ್ಪತದ, ಮುದುಕರು ಮುಗ್ಗರಿಸೋದು ಅಲ್ಲೇ. ಹಂಗಾಗಿ ಕಾಂಕ್ರೀಟಿನಾಗ ಮೊದಲನೇದು 180, ಕಡೇದು 120 ಇಡಬೇಕು. ಫರಸಿ ಕೂತ ಮ್ಯಾಲೆ ಎಲ್ಲಾ 150 ಆಗ್ತಾವ. ಇದನ್ನ ಡ್ರಾಯಿಂಗಿನಾಗ ಬರೆದು ಕೊಡದಿದ್ರ ಸೆಂಟ್ರಿಂಗ್ ಮಂದಿಗೆ ಕನಸು ಬೀಳೂದಿಲ್ರಿ. ಪದವಿ ಕಲಿಸೋದು ಇದನ್ನ: ಸ್ಲ್ಯಾಬಿನ ಲೆವೆಲ್ ಬ್ಯಾರೆ, ಮುಗಿದ ನೆಲದ ಲೆವೆಲ್ ಬ್ಯಾರೆ, ಎರಡೂ ಡ್ರಾಯಿಂಗಿನ ಮ್ಯಾಲೆ ಇರಬೇಕು.

ಉತ್ತರ, ನವಲಗುಂದದಿಂದ, ಮಣ್ಣು ಪರೀಕ್ಷೆಯ ಕೆಲಸದವರು

ಪಾಯದ ವಿಷಯ ಯಾರೂ ಎತ್ತಲಿಲ್ಲ, ನಮ್ಮ ಭಾಗದವರಿಗೆ ಅದೇ ಮುಖ್ಯ. ನವಲಗುಂದ, ನರಗುಂದ, ರೋಣದ ಕಡೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮನೆಯ ಮೂಲೆ ಎತ್ತಿ ಇಳಿಸಿದಂತಾಗಿ ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ.

ಪ್ರಯೋಗಶಾಲೆಯಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಇದೆ. 425 ಮೈಕ್ರಾನ್ ಜರಡಿಯಲ್ಲಿ ಸೋಸಿ ಒಣಗಿಸಿದ ಮಣ್ಣು 10 ಗ್ರಾಮಿನಂತೆ ಎರಡು ಪಾಲು. 100 ಮಿ.ಲೀ. ಅಳತೆಯ ಎರಡು ಗಾಜಿನ ಜಾಡಿಗೆ ಹಾಕಿ ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ ತುಂಬಬೇಕು. ಗಾಳಿಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಬೇಕು. ಚಿಮಣಿ ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಅದೇ ಹೋಲಿಕೆಯ ಅಳತೆ. ಎಣ್ಣೆಯಲ್ಲಿ 11 ಮಿ.ಲೀ., ನೀರಿನಲ್ಲಿ 19 ಮಿ.ಲೀ. ಬಂದರೆ ಹೆಚ್ಚಿದ್ದು 8; 8ನ್ನು 11ರಿಂದ ಭಾಗಿಸಿದರೆ ಶೇ. 73. ಶೇ. 50 ದಾಟಿದರೆ ಸಾದಾ ಪಾಯ ಹಾಕಬೇಡಿ. ಗಾಳಿಗುಳ್ಳೆ ಉಳಿದರೆ ಅಂಕಿ ಸುಳ್ಳಾಗುತ್ತದೆ, ಅವಸರ ಮಾಡುವವರು ತಪ್ಪುವುದು ಅಲ್ಲಿ.

ಪರಿಹಾರ ಎರಡು ಬಗೆ. ಎರಿ ತೆಳ್ಳಗಿದ್ದರೆ ತೆಗೆದು ಗರಸು ತುಂಬಿ 150 ಮಿ.ಮೀ. ಪದರು ಪದರಾಗಿ ನೀರು ಹಾಕಿ ಧಮ್ಮಸು ಹೊಡೆಯುವುದು. ಆಳವಾಗಿದ್ದರೆ ಅಂಡರ್-ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸಿದ, ಅಡಿಯಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಕಂಬ. ಅಡಿಯ ಗಡ್ಡೆ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ಅಗಲ. ಮೇಲಿನ ಬೀಮಿನ ತಳಕ್ಕೂ ನೆಲಕ್ಕೂ 80 ಮಿ.ಮೀ. ಖಾಲಿ ಬಿಡಬೇಕು. ಕಷ್ಟಪಟ್ಟು ಪೈಲ್ ಹಾಕಿ, ಕೊನೆಗೆ ಆ ಸಂದಿಗೆ ಮಣ್ಣು ತುಂಬಿಬಿಡುತ್ತಾರೆ. ಆಗ ಉಬ್ಬಿದ ಮಣ್ಣು ಬೀಮನ್ನೇ ಒದೆಯುತ್ತದೆ.

ಪ್ರಶ್ನೆ ಕೇಳಿದವರು

ಭಾಳ ಉಪಕಾರ್ರಿ. ಗಣಿತ ಎಷ್ಟು ಬೇಕಾಗ್ತದ? ಆಕಿ ಡ್ರಾಯಿಂಗಿನಾಗ ಚಲೋ, ಗಣಿತದಾಗ ಸಾಧಾರಣ. ಈಗಿಂದನ ಸಾಫ್ಟ್‌ವೇರ್ ಕ್ಲಾಸಿಗೆ ಹಾಕಬೇಕೇನ್ರಿ?

ಉತ್ತರ, ಹುಬ್ಬಳ್ಳಿಯಿಂದ, ಎಸ್ಟಿಮೇಟ್ ಮಾಡುವವರು

ಕ್ಯಾಲ್ಕುಲಸ್ ಕಡಿಮೆ. ಗುಣಾಕಾರ, ಪ್ರಮಾಣ, ತ್ರಿಕೋನಮಿತಿ ಮಾತ್ರ ನಾಲಿಗೆ ತುದಿಯಲ್ಲಿರಬೇಕು. ಒಂದು ನಮೂನೆ: 100 ಚದರ ಮೀಟರ್ ಸ್ಲ್ಯಾಬು, 125 ಮಿ.ಮೀ. ದಪ್ಪ, ಅಂದರೆ 12.5 ಘನ ಮೀಟರ್. ಮಿಶ್ರಣ 1:1.5:3 (ಸಿಮೆಂಟು, ಉಸುಕು, ಖಡಿ), ಒಣ ಸಾಮಾನು ಹಸಿ ಕಾಂಕ್ರೀಟಿನ 1.54 ಪಟ್ಟು. ಘನ ಮೀಟರಿಗೆ ಸಿಮೆಂಟು 8 ಚೀಲ ಬೀಳುತ್ತದೆ, ಒಟ್ಟು ಸುಮಾರು 100 ಚೀಲ. ಖಡಿ 10.5 ಘನ ಮೀಟರ್, ಉಸುಕು ಅದರ ಅರ್ಧ. ನಮ್ಮ ಕಡೆ ಲಾರಿಯವರು ಮಾತಾಡುವುದು ಬ್ರಾಸ್‌ನಲ್ಲಿ; ಒಂದು ಬ್ರಾಸ್ ಅಂದರೆ 100 ಘನ ಅಡಿ, 2.83 ಘನ ಮೀಟರ್. ಹಾಗಾಗಿ ಖಡಿ 3.7 ಬ್ರಾಸ್. ಕಬ್ಬಿಣಕ್ಕೆ ಸೂತ್ರ ಇಷ್ಟೇ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ, ಮೀಟರಿಗೆ ಇಷ್ಟು ಕಿಲೋ ಎಂದು ಬರುತ್ತದೆ. 12 ಮಿ.ಮೀ. ಸರಳಿಗೆ 0.89. ಗಣಿತ ಸಾಧಾರಣ ಇದ್ದರೂ ದಿನಾ ಒಂದು ಲೆಕ್ಕ ಮಾಡಿದರೆ ಸಾಕು, ಹೆದರಬೇಡಿ.

ಉತ್ತರ, ಹಾವೇರಿಯಿಂದ, ಪ್ಲಂಬಿಂಗ್ ಡ್ರಾಯಿಂಗ್ ಮಾಡುವವರು

ಬಚ್ಚಲದ ನೆಲದ ಮಾತು ಸೇರಿಸುತ್ತೇನೆ, ಚಿಕ್ಕದು. ಟೈಲ್ಸಿನಡಿ ಹಾಯುವ 110 ಮಿ.ಮೀ. ಪೈಪು, 40ಕ್ಕೆ 1ರಂತೆ ಇಳಿಜಾರು, 3 ಮೀಟರ್ ಓಟ. ಇಳಿತ 75, ಪೈಪು 110, ಕೂಡಿ 185; ಮೇಲೆ ಹಾಸು, ಟೈಲ್ಸು 50 ಹಿಡಿದರೂ 235. ಸ್ಲ್ಯಾಬನ್ನು 150 ಮಾತ್ರ ತಗ್ಗಿಸಿದ್ದರೆ ಬಚ್ಚಲು ಕೋಣೆಗಿಂತ ಎತ್ತರವಾಗುತ್ತದೆ, ಇಲ್ಲವೇ ಇಳಿಜಾರು ಕೊಂದು ಪೈಪು ಕಟ್ಟಿಕೊಳ್ಳುತ್ತದೆ. ಇದನ್ನು ಸ್ಲ್ಯಾಬ್ ಹಾಕುವ ಮೊದಲೇ ಕಾಗದದ ಮೇಲೆ ಹಿಡಿಯುವುದು ಈ ಓದಿನ ಫಲ.

ಉತ್ತರ, ಧಾರವಾಡದಿಂದ, ಮೊದಲು ಬರೆದವರೇ

ಹೊರದೇಶಕ್ಕೆ ಹೋಗುವುದಾದರೆ ಒಂದು ಎಚ್ಚರಿಕೆ. ಅಲ್ಲಿನ ಪಾಠವೆಲ್ಲ ಚಳಿಯ ಸುತ್ತ ಹೆಣೆದದ್ದು. ಗೋಡೆಯಿಂದ ಶಾಖ ಎಷ್ಟು ಸೋರುತ್ತದೆ ಎಂಬುದಕ್ಕೆ ಯು-ವ್ಯಾಲ್ಯೂ ಎನ್ನುತ್ತಾರೆ. ನಮ್ಮ 230 ಮಿ.ಮೀ. ಇಟ್ಟಿಗೆ ಗೋಡೆಗೆ ಅದು ಸುಮಾರು 2. ಇಂಗ್ಲೆಂಡಿನ ಹೊಸ ಮನೆಯ ಗೋಡೆಗೆ 0.26 ದಾಟುವಂತಿಲ್ಲ. ಅದಕ್ಕೇ ಎರಡು ಪದರಿನ ಗೋಡೆ, ನಡುವೆ ನಿರೋಧಕ. ಆ ಡೀಟೇಲುಗಳನ್ನು ಹಾಗೇ ಇಲ್ಲಿಗೆ ತಂದರೆ ಕೆಲಸಕ್ಕೆ ಬಾರವು. ಲೆಕ್ಕದ ವಿಧಾನ ಮಾತ್ರ ಕೆಲಸಕ್ಕೆ ಬರುತ್ತದೆ.

ನಮಗೆ ಬೇಕಾದದ್ದು ಬಿಸಿಲಿನ ಲೆಕ್ಕ. ಹುಬ್ಬಳ್ಳಿ 15.4 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ 22ರ ನಡುಹಗಲು ಸೂರ್ಯ ದಕ್ಷಿಣಕ್ಕೆ 51 ಡಿಗ್ರಿ ಎತ್ತರದಲ್ಲಿರುತ್ತಾನೆ; 600 ಮಿ.ಮೀ. ಛಜ್ಜಾ ಅದರ ಕೆಳಗಿನ 740 ಮಿ.ಮೀ.ಗೆ ನೆರಳು ಕೊಡುತ್ತದೆ. ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ಪಡುವಣ ಕಿಟಕಿಗೆ ಛಜ್ಜಾ ಎಷ್ಟು ಉದ್ದ ಇದ್ದರೂ ಸಂಜೆ ಬಿಸಿಲು ಅದರಡಿಯಿಂದಲೇ ನುಗ್ಗುತ್ತದೆ. ಅಲ್ಲಿ ಜಾಲಂಧ್ರ ಅಥವಾ ನಿಲುವು ಫಲಕ ಬೇಕು. ತ್ರಿಕೋನಮಿತಿ ಬೇಕು ಅಂದದ್ದು ಇದಕ್ಕೇ.

ಉತ್ತರ, ಹುಬ್ಬಳ್ಳಿಯಿಂದ, ಡ್ರಾಯಿಂಗ್ ಆಫೀಸಿನವರು

ಸಾಫ್ಟ್‌ವೇರ್ ಕ್ಲಾಸು ಈಗ ಬೇಡ. ಆಟೋಕ್ಯಾಡ್ ಆಜ್ಞೆಗಳು ತಿಂಗಳಲ್ಲಿ ಬರುತ್ತವೆ, ಗೆರೆಯ ಅರ್ಥ ಬರಲು ಹೊತ್ತು ಬೇಕು. ಕಡಿದ ಗೋಡೆಗೆ 0.5, ಆಚೆ ಕಾಣುವುದಕ್ಕೆ 0.25, ಅಳತೆಗೆ 0.13 ಮಿ.ಮೀ. ದಪ್ಪ; ಎಲ್ಲಾ ಒಂದೇ ದಪ್ಪ ಇದ್ದರೆ ಸೈಟಿನಲ್ಲಿ ಓದಲಿಕ್ಕೆ ಬರುವುದಿಲ್ಲ. ಕಾಗದದ ಮೇಲೆ 2.5 ಮಿ.ಮೀ. ಅಕ್ಷರ ಬೇಕೆಂದರೆ 1:50ರ ಡ್ರಾಯಿಂಗಿನಲ್ಲಿ 125 ಎತ್ತರ ಕೊಡಬೇಕು, ಇದನ್ನು ಮರೆತ ಪ್ರಿಂಟು ಇರುವೆ ಸಾಲಿನಂತೆ ಬರುತ್ತದೆ. ಪರಿಷ್ಕರಣೆಯ ಸಂಖ್ಯೆ, ದಿನಾಂಕ ಇಲ್ಲದ ಹಾಳೆ ಆಫೀಸಿನಿಂದ ಹೊರಗೆ ಹೋಗಬಾರದು. ಹಳೇ ಹಾಳೆ ನೋಡಿ ಕಟ್ಟಿದ ಗೋಡೆ ಒಡೆಯುವುದಕ್ಕಿಂತ ದೊಡ್ಡ ನಷ್ಟ ಇಲ್ಲ. ಲ್ಯಾಪ್‌ಟಾಪ್ ಕೊಳ್ಳುವಾಗ ವಿಂಡೋಸ್‌ನದ್ದೇ ನೋಡಿ, 16 ಜಿಬಿ ರ‍್ಯಾಮ್ ಇರಲಿ. ಬಿಐಎಂ ಕೆಲಸದ ಸಾಫ್ಟ್‌ವೇರ್ ರೆವಿಟ್ ಮ್ಯಾಕ್‌ನಲ್ಲಿ ನೇರ ನಡೆಯುವುದಿಲ್ಲ.

ಉತ್ತರ, ಗದಗದಿಂದ, ಹಳೆ ಕಟ್ಟಡಗಳ ಅಳತೆ ಮಾಡುವವರು

ತಯಾರಿ ಕೇಳಿದಿರಲ್ಲ ಅಣ್ಣಾ, ಈ ರಜೆಯಲ್ಲಿ ನಿಮ್ಮ ಮನೆಯನ್ನೇ ಅಳೆಯಲಿ. 5 ಮೀಟರ್ ಟೇಪು, ಒಂದು ತೂಗುಗುಂಡು, ಚೌಕಳಿ ವಹಿ ಸಾಕು. ಗೋಡೆಗುಂಟ ತುಂಡು ತುಂಡಾಗಿ ಅಳೆದು ಕೂಡಿಸಬಾರದು, ತಪ್ಪೂ ಕೂಡುತ್ತಾ ಹೋಗುತ್ತದೆ. ಮೂಲೆಯಿಂದ ಟೇಪು ಹಿಡಿದು ಬಾಗಿಲು, ಕಿಟಕಿ, ಕೊನೆಯ ಮೂಲೆ, ಎಲ್ಲವನ್ನೂ ಅದೇ ಸೊನ್ನೆಯಿಂದ ಓದಬೇಕು. ಆಮೇಲೆ ಕೋಣೆಯ ಎರಡೂ ಕರ್ಣ ಅಳೆಯಲಿ. 3 ಮತ್ತು 4 ಮೀಟರಿನ ಕೋಣೆ ಮೂಲೆಮಟ್ಟಕ್ಕಿದ್ದರೆ ಎರಡೂ 5 ಬರಬೇಕು. ಹಳೆ ಮಾಳಿಗೆ ಮನೆಯಲ್ಲಿ ಬರುವುದಿಲ್ಲ. ಆಗ ಕರ್ಣದಿಂದಲೇ ಕಂಪಾಸು ಹಿಡಿದು ಮೂಲೆಗಳನ್ನು ಗುರುತಿಸಬೇಕು, ಚೌಕ ಎಂದು ಊಹಿಸಿ ಬರೆಯಬಾರದು. ಅದನ್ನು 1:50ರಲ್ಲಿ ಪ್ಲಾನು ಮತ್ತು ಒಂದು ಸೆಕ್ಷನ್ (ಕಟ್ಟಡವನ್ನು ನಿಲುವಾಗಿ ಸೀಳಿ ನೋಡಿದಂತಹ ಚಿತ್ರ) ಆಗಿ ತೆಗೆಯಲಿ, ಪಡಸಾಲೆಯ ಬೆಳಕಿಂಡಿ ಮೇಲೆ ಹಾಯುವ ಸೆಕ್ಷನ್ ಆದರೆ ಇನ್ನೂ ಚಲೋ.

ಅದು ಮುಗಿದ ಮೇಲೆ ಲಕ್ಕುಂಡಿಗೆ ಕರೆದುಕೊಂಡು ಹೋಗಿ, ಗದಗದಿಂದ 12 ಕಿ.ಮೀ. ಅಷ್ಟೇ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಹೊರಗೋಡೆಯ ಪಟ್ಟಿಕೆಗಳನ್ನು ಬರಿಗಣ್ಣಿಂದ ನೋಡಿ ಬರೆಯಲಿ, ಯಾವ ಕಲ್ಲು ಯಾವುದರ ಮೇಲೆ ಕೂತಿದೆ, ಸಂದಿ ಎಲ್ಲಿ ಬಂದಿದೆ ಎಂದು ಗುರುತು ಹಾಕಲಿ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಪಾವಟಿಗೆಗಳನ್ನು ಎಣಿಸಿ ಒಂದು ಸೆಕ್ಷನ್ ಬರೆಯಲಿ. ಕಲ್ಲಿಗೆ ಟೇಪು ತಾಗಿಸುವುದಿದ್ದರೆ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಬೇಕು. ಬೆಳಿಗ್ಗೆ 9ರೊಳಗೆ ಹೋದರೆ ಓರೆ ಬಿಸಿಲಿಗೆ ಪಟ್ಟಿಕೆಯ ಆಳ ನೆರಳಿನಲ್ಲಿ ಕಾಣುತ್ತದೆ, ನಡುಹಗಲು ಹೋದರೆ ಎಲ್ಲಾ ಸಪಾಟ.